ಮಳೆಗಾಲದ ಸಲ್ಲಾಪ

ಹೋದ ವಾರ ಪಾಠ ಮುಗಿಸಿ ಅಧ್ಯಾಪಕರ ಕೊಠಡಿಗೆ ಹಿಂದಿರುಗುತ್ತಿದ್ದಾಗ, ಎರಡನೆಯ ವರ್ಷದ ಬಿ.ಎ. ತರಗತಿಯ ಹುಡುಗಿಯೊಬ್ಬಳು ಕಂಬದ ಮರೆಯಿಂದ ಮುಂದೆ ಬಂದು, "ಸಾರ್, ಮನಸ್ಸಿಗೆ ತುಂಬ ಬೇಜಾರಾದಾಗ ಓದೋದಕ್ಕೆ ಯಾವ ಪುಸ್ತಕ ಒಳ್ಳೇದು?" ಎಂದು ಕೇಳಿದಳು. ಕನ್ನಡದ ಮೇಷ್ಟರಿಗೆ ಇಂಥ ಪ್ರಶ್ನೆ ಎದುರಾದರೆ ಕೇಳಬೇಕೆ! ಪಂಪನಿಂದ ಕುವೆಂಪು ಅವರವರೆಗೆ ಹತ್ತು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಪುಸ್ತಕಕ್ಕಿಂತ ಮಿಗಿಲಾದ ಗೆಳೆಯನಿಲ್ಲವೆಂಬ ಉಪದೇಶವನ್ನೂ ಮೇಲೆ ಸೇರಿಸಿ ಕಳುಹಿಸಿದೆ. ಅವಳು ತಲೆದೂಗಿ ಹೊರಟುಹೋದಳು. ಆಮೇಲೆ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು: ಹುಡುಗಿಯ ತಂದೆಗೆ ಮೂರು ತಿಂಗಳಿಂದ ಕೆಲಸವಿಲ್ಲ, ಪರೀಕ್ಷೆಯ ಶುಲ್ಕ ಕಟ್ಟುವುದೂ ಕಷ್ಟವಾಗಿದೆ.

ಅಂದು ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನಾಚಿಕೆಯಾಗುತ್ತಿತ್ತು. ಏನೂ ಅರಿಯದವನು ಹಾಗೆ ಉಪದೇಶ ಮಾಡಿದ್ದರೆ ಕ್ಷಮಿಸಬಹುದಾಗಿತ್ತು. ನಾನಾದರೋ ಅದೇ ಹೊಳೆಯನ್ನು ಕುತ್ತಿಗೆಯ ಮಟ್ಟದ ನೀರಿನಲ್ಲಿ ದಾಟಿ ಬಂದವನು.

2020ನೆಯ ಇಸವಿಯನ್ನು ವಾಚಕರಿಗೆ ನೆನಪು ಮಾಡಿಕೊಡಬೇಕಾದುದಿಲ್ಲ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡು ಕುಳಿತಿತಷ್ಟೆ. ಆಗ ನಾನು ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೆ. ಏಪ್ರಿಲ್ ತಿಂಗಳಿನಲ್ಲಿ ಅರ್ಧ ಸಂಬಳ ಬಂದಿತು. ಮೇ ತಿಂಗಳಿಂದ ಆ ಅರ್ಧವೂ ನಿಂತಿತು. ಮೊಬೈಲಿನಲ್ಲಿ ಪಾಠ ಹೇಳುವುದು ಮಾತ್ರ ನಿಲ್ಲಕೂಡದು! ಬಾಡಿಗೆ ಮನೆ, ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ, ಐದು ವರ್ಷದ ಮಗಳು. ಜೂನ್ ಮೊದಲ ವಾರದಲ್ಲಿ ನನ್ನಾಕೆ ಕೈಯ ಎರಡು ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ನಾನು ಅವುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಒತ್ತೆಯಿಟ್ಟು ಬಂದೆ. ಅದರ ವಿಚಾರವಾಗಿ ನಮ್ಮಿಬ್ಬರಲ್ಲಿ ಒಂದು ಮಾತೂ ಆಗಲಿಲ್ಲ. ಮಾತನಾಡದಿದ್ದುದೇ ಹೆಚ್ಚು ಭಾರವಾಯಿತು.

ಆ ದಿನಗಳಲ್ಲಿ ಪುಸ್ತಕಗಳು ನನಗೆ ಒದಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಪಂಪಭಾರತವನ್ನು ತೆರೆದರೆ ಒಂದೇ ಪದ್ಯವನ್ನು ಮೂರು ಸಲ ಓದಿದರೂ ಅರ್ಥ ತಲೆಗೇರದು. "ಹರಿಶ್ಚಂದ್ರನ ಕಥೆ ಓದೋ ಮಗು, ಅವನ ಕಷ್ಟದ ಮುಂದೆ ನಮ್ಮದು ಏನು ಮಹಾ" ಎಂದು ಅಮ್ಮ ಹೇಳಿದರು. ಹಿರಿಯರ ಮಾತನ್ನು ಮೀರಬಾರದೆಂದು ರಾಘವಾಂಕನನ್ನು ಕೈಗೆತ್ತಿಕೊಂಡೆ. ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡವನು, ಸಾಲಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದ ದೊರೆಯ ಕಥೆಯನ್ನು ಓದುವುದೆಂದರೆ! ಕಾವ್ಯ ಮಹತ್ತಾದುದೇ; ಆದರೆ ಅದನ್ನು ಓದಲು ಸಾಲವಿಲ್ಲದ ಮನೆ ಬೇಕು. ಮಂಡಾಲೆಯ ಸೆರೆಯಲ್ಲಿ ಕುಳಿತು ಲೋಕಮಾನ್ಯ ತಿಲಕರು ಪೆನ್ಸಿಲಿನಿಂದ 'ಗೀತಾರಹಸ್ಯ'ವನ್ನು ಬರೆದರೆಂದು ನಾನೇ ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಅದು ತಿಲಕರ ಎದೆಗಾರಿಕೆ. ಮನೆಯ ಒಡೆಯರ ಚಪ್ಪಲಿಯ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವ ನನ್ನಂಥವನಿಗೆ ಅದು ಹೇಗೆ ಬರಬೇಕು?

ಹೀಗಿರುತ್ತ, ಜುಲೈ ತಿಂಗಳ ಒಂದು ಸಂಜೆ. ಹೊರಗೆ ಮಳೆ, ಒಳಗೆ ವಿದ್ಯುತ್ತಿಲ್ಲ. ಮರುದಿನದ ಪಾಠಕ್ಕೆ ಮುದ್ದಣನ 'ಶ್ರೀರಾಮಾಶ್ವಮೇಧಂ' ಇದ್ದಿತು. ಸಮಾಧಾನ ಪಡೆಯಲೆಂದು ನಾನು ಅದನ್ನು ತೆರೆಯಲಿಲ್ಲ, ಸಂಬಳವಿಲ್ಲದ ಕರ್ತವ್ಯಕ್ಕೆಂದು ತೆರೆದೆ. ಮೇಣದ ಬತ್ತಿಯ ಬೆಳಕಿನಲ್ಲಿ ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದತೊಡಗಿದೆ. ಎದುರಿಗೆ ನನ್ನಾಕೆ ಮೊರದಲ್ಲಿ ಮೆಂತ್ಯದ ಸೊಪ್ಪನ್ನು ಬಿಡಿಸುತ್ತಿದ್ದಳು.

ಆ ಗ್ರಂಥದ ಪ್ರಾರಂಭವನ್ನು ಅನೇಕ ವಾಚಕರು ಪಠ್ಯಪುಸ್ತಕದಲ್ಲಿ ಓದಿಯೇ ಇರುತ್ತಾರೆ. ಮಳೆಗಾಲ ಬಂದಿದೆ. ಮುದ್ದಣ ಅರಮನೆಯಿಂದ ಮನೆಗೆ ಹಿಂದಿರುಗುತ್ತಾನೆ. ಮಡದಿ ಮನೋರಮೆ ಅವನನ್ನು ಉಪಚರಿಸುತ್ತಾಳೆ, ಊಟವಾಗುತ್ತದೆ, ತಾಂಬೂಲವಾಗುತ್ತದೆ. ಬೇಸರ ಕಳೆಯಲು ಒಂದು ಕಥೆ ಹೇಳೆಂದು ಅವಳು ಕೇಳುತ್ತಾಳೆ. ಯಾವ ಕಥೆ, ಪದ್ಯವೋ ಗದ್ಯವೋ, ಹೇಳಿದರೆ ಏನು ಕೊಡುವೆ ಎಂದು ಚೌಕಾಶಿ ನಡೆಯುತ್ತದೆ. ಮಹಾಶಯನು ಗಂಭೀರನಾಗಿ ಸಂಸ್ಕೃತದ ಸಮಾಸಗಳನ್ನು ಉರುಳಿಸತೊಡಗಿದರೆ ಅವಳು ಅಲ್ಲಿಯೇ ತಡೆದು, ತಿರುಳುಗನ್ನಡದಲ್ಲಿ ಹೇಳುವಂತೆ ಒತ್ತಾಯಿಸುತ್ತಾಳೆ. ನಮ್ಮ ಪರೀಕ್ಷೆಗಳಲ್ಲಿ ಇದು ವರ್ಷ ಬಿಟ್ಟು ವರ್ಷ ಬರುವ ಪ್ರಶ್ನೆ. ಅದಕ್ಕೆ ಬರೆದ ಸಾವಿರಾರು ಉತ್ತರಗಳನ್ನು ತಿದ್ದಿ ತಿದ್ದಿ ಅದರಲ್ಲಿ ನಗೆಯಿದೆಯೆಂಬುದೇ ನನಗೆ ಮರೆತುಹೋಗಿತ್ತು.

ನಾನು ಓದುತ್ತ ನಡುನಡುವೆ ಮರುದಿನದ ಪಾಠದ ವಿವರಣೆಯನ್ನೂ ರೂಢಿ ಮಾಡಿಕೊಳ್ಳುತ್ತಿದ್ದೆ. "ಇಲ್ಲಿ ಕವಿಯು ಪ್ರಾಚೀನ ಚಂಪೂಸಂಪ್ರದಾಯದ ಆಡಂಬರವನ್ನು ಪರೋಕ್ಷವಾಗಿ..." ಎನ್ನುವಷ್ಟರಲ್ಲಿ ನನ್ನಾಕೆ ಸೊಪ್ಪಿನಿಂದ ತಲೆಯೆತ್ತಿದಳು.

"ರೀ, ಆ ಹೆಂಗಸು ಹೇಳ್ತಿರೋದೂ ಅದನ್ನೇ ಅಲ್ವೇ? ಕನ್ನಡದಲ್ಲಿ ಹೇಳಿ ಅಂತ. ನೀವೂ ಕನ್ನಡದಲ್ಲೇ ಹೇಳಬಾರದೆ?"

ಒಳಕೋಣೆಯಿಂದ ಅಮ್ಮ ನಕ್ಕರು. ಆ ನಗೆಯನ್ನು ಕೇಳಿ ನಾಲ್ಕು ತಿಂಗಳಾಗಿದ್ದಿತು. ನನಗೂ ನಗೆ ತಡೆಯಲಿಲ್ಲ. ಕಥೆ ಹೇಳಿದರೆ ನೀನು ಏನು ಕೊಡುವೆ ಎಂದು ನಾನು ಕೇಳಿದೆ. "ಕಾಫಿಪುಡಿ ಇನ್ನು ಎರಡೇ ಚಮಚ ಇದೆ. ನಾಳೆ ಬೆಳಿಗ್ಗೆಗೋ, ಈಗಲೋ, ನೀವೇ ಹೇಳಿ" ಎಂದಳು. ಈಗಲೇ ಎಂದೆ. ಮೂರು ಲೋಟಗಳಿಗೆ ಹಂಚಿದ ಆ ನೀರುಕಾಫಿಗೆ ಡಿಕಾಕ್ಷನ್ನಿನ ಬಣ್ಣವಷ್ಟೇ ಇದ್ದಿತು. ಆದರೂ ಅದರ ರುಚಿ ಇಂದಿಗೂ ನೆನಪಿದೆ.

ಅಂದಿನಿಂದ ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ ಮುದ್ದಣನಿಗೆ ಮೀಸಲಾಯಿತು. ಹಳಗನ್ನಡವನ್ನು ಓದಿ, ಮನೆಮಾತಿನಲ್ಲಿ ಹೇಳುವುದು. ಯಜ್ಞದ ಕುದುರೆ ದೇಶದೇಶಗಳಲ್ಲಿ ತಿರುಗುತ್ತದೆ, ಶತ್ರುಘ್ನ ಅದರ ಬೆಂಗಾವಲಿಗೆ ಹೋಗುತ್ತಾನೆ ಎಂಬುದಷ್ಟು ಮಗಳಿಗೆ ಗೊತ್ತಾಯಿತು. ಶಾಲೆಯಿಲ್ಲ, ಬೀದಿಯಲ್ಲಿ ಆಟವಿಲ್ಲ, ಪಕ್ಕದ ಮನೆಯ ಗೆಳತಿಯನ್ನು ಕಿಟಕಿಯಿಂದಲೇ ನೋಡಬೇಕು. ಅಂಥ ಮಗು ಪ್ರತಿ ರಾತ್ರಿ, "ಅಪ್ಪಾ, ಕುದುರೆ ಇವತ್ತು ಯಾವ ಊರಿಗೆ ಹೋಯ್ತು?" ಎಂದು ಕೇಳುವಳು. ಊರೂರು ಅಲೆಯುವ ಆ ಕುದುರೆಯ ಮೇಲೆ ನಮಗೆಲ್ಲ ಸ್ವಲ್ಪ ಅಸೂಯೆಯೇ ಇದ್ದಿತೆನ್ನಿ. ಲವನು ಅದನ್ನು ಹಿಡಿದು ಕಟ್ಟಿದ ದಿನ ಅವಳು ಚಾಪೆಯ ಮೇಲೆ ಕುಣಿದಳು. ಅಷ್ಟು ಚಿಕ್ಕ ಹುಡುಗ ಅಷ್ಟು ದೊಡ್ಡ ಕುದುರೆಯನ್ನು ಹಿಡಿದನಲ್ಲ! ಆಮೇಲೆ ಒಂದು ವಾರ ನಮ್ಮ ಮನೆಯ ಒರಳುಕಲ್ಲಿಗೆ ಹಳೆಯ ರಿಬ್ಬನ್ನೊಂದು ಕಟ್ಟಿಕೊಂಡಿದ್ದಿತು. ಅದನ್ನು ಬಿಚ್ಚಲು ಯಾರಿಗೂ ಅಪ್ಪಣೆಯಿರಲಿಲ್ಲ.

ವಿದ್ವಾಂಸರು ಆ ಗ್ರಂಥದಲ್ಲಿ ರಾಮಕಥೆಯೇ ಮುಖ್ಯ, ದಂಪತಿಗಳ ಸಲ್ಲಾಪ ಅದಕ್ಕೆ ಅಲಂಕಾರ ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಯುದ್ಧಗಳು ಬರುತ್ತವೆ, ಹೋಗುತ್ತವೆ. ಕಥೆ ಸ್ವಲ್ಪ ಜಡವಾಯಿತೆನ್ನುವಾಗ ಮನೋರಮೆ ಬಾಯಿ ಹಾಕುತ್ತಾಳೆ, ಮನೆಯ ದೀಪ ಮತ್ತೆ ಹತ್ತಿಕೊಳ್ಳುತ್ತದೆ. ನನ್ನಾಕೆ ಕಾದಿದ್ದುದೂ ಆ ಸ್ಥಳಗಳಿಗೇ. ಅವಳು ತೀರ್ಥಹಳ್ಳಿಯ ಕಡೆಯವಳು. ಮೈಸೂರಿನ ಮಳೆಯನ್ನು ಮಳೆಯೆಂದು ಒಪ್ಪುವವಳಲ್ಲ. ಮುದ್ದಣನ ಮಳೆಗಾಲವನ್ನು ಮಾತ್ರ, "ಇದು ನಮ್ಮ ಕಡೇ ಮಳೆ" ಎಂದು ಒಪ್ಪಿಕೊಂಡಳು.

ಒಂದು ರಾತ್ರಿ ಅವಳೇ ಕೇಳಿದಳು: "ಈ ಮುದ್ದಣ ಯಾವ ಅರಮನೆಯಲ್ಲಿ ಇದ್ದ?"

ಎತ್ತಣ ಅರಮನೆ! ಮುದ್ದಣನೆಂಬುದು ಕಾವ್ಯನಾಮ. ನಿಜನಾಮ ಲಕ್ಷ್ಮೀನಾರಣಪ್ಪ. 1870ರಲ್ಲಿ ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಓದು ಬಹಳ ಮುಂದುವರಿಯಲಿಲ್ಲ. ಹೊಟ್ಟೆಯ ಪಾಡಿಗೆ ಕಲಿಸಿದುದು ಕಾವ್ಯವನ್ನಲ್ಲ, ವ್ಯಾಯಾಮವನ್ನು: ಡ್ರಿಲ್ ಮೇಷ್ಟರು! ಮುಂದೆ ಕನ್ನಡ ಪಾಠವನ್ನೂ ಹೇಳಿದ. ಉಡುಪಿ, ಕುಂದಾಪುರದ ಶಾಲೆಗಳಲ್ಲಿ ಹಗಲೆಲ್ಲ ಹುಡುಗರಿಗೆ ಕವಾಯತು ಮಾಡಿಸಿ, ಮನೆಗೆ ಬಂದು ಹಳಗನ್ನಡದಲ್ಲಿ ಬರೆಯುತ್ತಿದ್ದವನು. ಬರೆದುದನ್ನು ತನ್ನದೆಂದು ಹೇಳಿಕೊಳ್ಳುವ ಧೈರ್ಯವೂ ಇರಲಿಲ್ಲ. ಅಥವಾ ಅದು ಧೈರ್ಯದ ಪ್ರಶ್ನೆಯಲ್ಲವೋ ಏನೋ. ನಾವಿದ್ದ ಇದೇ ಮೈಸೂರಿನಿಂದ ಆಗ ಹಳೆಯ ಕಾವ್ಯಗಳನ್ನು ಅಚ್ಚುಮಾಡುವ 'ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಎಂಬ ಮಾಸಪತ್ರಿಕೆಗಳು ಹೊರಡುತ್ತಿದ್ದವು. ಅವುಗಳಿಗೆ ತನ್ನ ಕೃತಿಗಳನ್ನು ಪ್ರಾಚೀನ ಗ್ರಂಥಗಳೆಂಬಂತೆ ಕಳುಹಿಸಿದ. ಲೋಕ ನಂಬಿತು. ಬರೆದವನು ಸಮಕಾಲೀನನೆಂದು ತಿಳಿದು ಕನ್ನಡಿಗರು ಬೆರಗಾಗುವ ಹೊತ್ತಿಗೆ ಆ ಬೆರಗನ್ನು ನೋಡಲು ಅವನಿರಲಿಲ್ಲ. 1901ರಲ್ಲಿ ಕ್ಷಯರೋಗ ಅವನನ್ನು ಒಯ್ದಿತು. ವಯಸ್ಸು ಮೂವತ್ತೊಂದು. ಕ್ಷಯದ ಕ್ರಿಮಿಯನ್ನು ಜರ್ಮನಿಯ ಕಾಕ್ ಮಹಾಶಯರು 1882ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ನಡುವಿನ ಆ ಅರವತ್ತು ವರ್ಷಗಳಲ್ಲಿ ಹೋದವರ ಸಾಲಿನಲ್ಲಿ ಮುದ್ದಣನೂ ಒಬ್ಬ.

ಇಷ್ಟನ್ನೂ ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತಿದ್ದೆ. 'ಕವಿಪರಿಚಯ' ಎಂಬ ಶೀರ್ಷಿಕೆಯ ಕೆಳಗೆ. ಅಂದು ಮನೆಯಲ್ಲಿ ಹೇಳುವಾಗ ಕೊನೆಕೊನೆಗೆ ನನ್ನ ಧ್ವನಿ ಇಳಿಯಿತು. ಆ ವರ್ಷ ನನಗೂ ಮೂವತ್ತೊಂದೇ. ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಇಡೀ ಬೀದಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದ ಕಾಲ ಅದು.

ನನ್ನಾಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇಷ್ಟೆಲ್ಲ ತಮಾಷೆ ಬರೆಯುವಾಗ ಅವರಿಗೆ ಕೆಮ್ಮು ಬರ್ತಿರಲಿಲ್ಲವೆ?" ಎಂದಳು.

ಎಂ.ಎ. ಪದವಿಯಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಪುಸ್ತಕವನ್ನು ಮಡಿಸಿದೆ.

"ಅವರ ಹೆಂಡತೀನೂ ಬಳೆ ಒತ್ತೆ ಇಟ್ಟಿರಬೇಕು" ಎಂದಳು ಅವಳು, ತನ್ನಷ್ಟಕ್ಕೆ ಎಂಬಂತೆ. ಮತ್ತೆ ತನ್ನ ಬರಿಗೈಯನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ನನಗೆ ಬಳೆ ಇಲ್ಲದೇ ಇದ್ದರೆ ಕೈ ಹಗುರ, ರೊಟ್ಟಿ ತಟ್ಟೋದಕ್ಕೆ ಸುಲಭ" ಎಂದು ನಕ್ಕಳು. ಬಳೆಯ ಮಾತು ನಮ್ಮಿಬ್ಬರ ನಡುವೆ ಬಂದುದು ಅಂದೇ ಮೊದಲು. ಅನಂತರ ಬಾಡಿಗೆ, ಸಾಲ, ಊರಿಗೆ ಹೋಗಿ ಇರುವುದೋ ಬೇಡವೋ ಎಲ್ಲವೂ ಬಂದವು. ಮೂರು ತಿಂಗಳಿಂದ ಒಬ್ಬರಿಂದೊಬ್ಬರು ಬಚ್ಚಿಟ್ಟ ಲೆಕ್ಕವನ್ನೆಲ್ಲ ಆ ರಾತ್ರಿ ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆವು. ಮೊತ್ತವೇನೂ ಕಡಮೆಯಾಗಲಿಲ್ಲ. ಆದರೆ ಅಂದು ನನಗೆ ನಿದ್ದೆ ಬಂದಿತು.

ಸಂಬಳ ಮತ್ತೆ ಬರತೊಡಗಿದುದು ಡಿಸೆಂಬರಿನಲ್ಲಿ. ಬಳೆಗಳು ಮನೆಗೆ ಬಂದುದು 2022ರ ಗೌರಿಹಬ್ಬಕ್ಕೆ. ಮುದ್ದಣನಿಂದ ಒಂದು ಕಾಸಿನ ಸಾಲವೂ ತೀರಲಿಲ್ಲವೆಂಬುದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪುಸ್ತಕವನ್ನು ಔಷಧಿಯ ಹಾಗೆ ಹೊಗಳುವವರನ್ನು ಕಂಡರೆ ನನಗೆ ಈಗ ಸ್ವಲ್ಪ ಸಂಕೋಚ. ಹತ್ತು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ ನನ್ನನ್ನೂ ಸೇರಿಸಿಕೊಂಡೇ ಈ ಮಾತು.

ಮರುದಿನ ನಾವು ನಾಲ್ವರು ಅಧ್ಯಾಪಕರು ಸೇರಿ ಆ ಹುಡುಗಿಯ ಶುಲ್ಕದ ವಿಚಾರವನ್ನು ಕಾಲೇಜಿನ ಕಚೇರಿಯಲ್ಲಿ ಸದ್ದಿಲ್ಲದೆ ಸರಿಪಡಿಸಿದೆವು. ಅದು ಮೊದಲು ಆಗಬೇಕಾದ ಕೆಲಸ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ರಾಮಾಶ್ವಮೇಧದ ಹಳೆಯ ಪ್ರತಿಯೊಂದನ್ನು ನನ್ನ ಹೆಸರಿನಲ್ಲಿ ತೆಗೆದು ಅವಳಿಗೆ ಕೊಟ್ಟೆ. ಈ ಸಲ ಉಪದೇಶ ಮಾಡಲಿಲ್ಲ.

"ಹಳಗನ್ನಡ ಅಲ್ವೇ ಸಾರ್? ಅರ್ಥವಾಗದಿದ್ದರೆ?" ಎಂದಳು.

"ಮೊದಲ ಹತ್ತು ಪುಟ ಸಾಕು. ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿಹೇಳು."

"ಅಪ್ಪನಿಗೆ ಓದ್ಲಾ ಸಾರ್? ಅವರು ಈಗ ದಿನವೆಲ್ಲ ಮನೇಲೇ ಇರ್ತಾರೆ. ಮಾತೇ ಆಡೋದಿಲ್ಲ."

ಓದೆಂದು ಹೇಳಿದೆ. ಪುಸ್ತಕವನ್ನು ಹಿಂದಿರುಗಿಸುವ ವಾಯಿದೆ ನಿನ್ನೆಗೆ ಮುಗಿಯಿತು. ಅದು ಇನ್ನೂ ಬಂದಿಲ್ಲ. ಗ್ರಂಥಪಾಲಕರು ದಂಡದ ಚೀಟಿಯನ್ನು ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದಾರೆ. ದಿನಕ್ಕೆ ಒಂದು ರೂಪಾಯಿಯಂತೆ. ನಾನಾಗಿ ಅವಳನ್ನು ಕೇಳಲು ಹೋಗಿಲ್ಲ.