ಬ್ಯಾಟರಿ ಸಾಯುವವರೆಗೆ ಕಾಯಬೇಕೆ?



ರೋಹಿಣಿ ಮಳೆಗೆ ಮುಂಚೆ ಕೂರಿಗೆಯನ್ನು ಹೊರಗೆ ತೆಗೆದು, ಸಡಿಲಾದದ್ದನ್ನು ಬಿಗಿ ಮಾಡಿ, ಸವೆದದ್ದನ್ನು ಬದಲಿಸದ ರೈತನಿಲ್ಲ. ಬಿತ್ತುವ ದಿನ ಅದು ಮುರಿದರೆ ಹದ ತಪ್ಪುತ್ತದೆ ಎಂಬುದು ಅವನಿಗೆ ಗೊತ್ತು. ಆದರೆ ಬಂದರಿನ ದುಡಿಮೆಗೆ ಬಂದು ಬೈನಾ, ಸಡಾ, ಜುವಾರಿನಗರಗಳಲ್ಲಿ ನೆಲೆಸಿದ ಅದೇ ರೈತ ಕುಟುಂಬಗಳಲ್ಲಿ ಇನ್ವರ್ಟರಿನ ಬ್ಯಾಟರಿಯ ಕಡೆಗೆ ಯಾರೂ ನೋಡುವುದಿಲ್ಲ. ಅದು ಕತ್ತಲಲ್ಲಿ ಕೈಕೊಟ್ಟ ದಿನವೇ ಅದರ ನೆನಪು. ಇದು ಬಾಯಾರಿದಾಗ ಬಾವಿ ತೋಡಿದಂತೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾ ಕರಾವಳಿಯನ್ನು ಸವರಿಕೊಂಡು ಹೋಯಿತು. ಮರಗಳು ತಂತಿಗಳ ಮೇಲೆ ಬಿದ್ದು ಹಲವೆಡೆ ದೀರ್ಘ ಕಾಲ ವಿದ್ಯುತ್ ಇರಲಿಲ್ಲ. ಅದು ಕೋವಿಡ್ ಎರಡನೇ ಅಲೆಯ ಕಾಲ. ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡ ರೋಗಿಗೆ ಅಂಥ ರಾತ್ರಿ ಏನಾಗಬಹುದು, ಯೋಚಿಸಿ. ಇನ್ವರ್ಟರ್ ಎಲ್ಲರಿಗೂ ಬರೀ ಫ್ಯಾನಿನ ಸುಖವಲ್ಲ.

ಬದಲಿಸುವ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಮೂರು ವರ್ಷವಾಯಿತು, ಬದಲಿಸಿ ಎನ್ನುತ್ತಾನೆ ಮಾರುವವನು. ಪೂರ್ತಿ ಸಾಯಲಿ, ಆಮೇಲೆ ನೋಡೋಣ ಎನ್ನುತ್ತಾನೆ ಮನೆಯ ಯಜಮಾನ. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಬ್ಯಾಟರಿಯ ವಯಸ್ಸನ್ನಲ್ಲ, ಅದರ ಶಕ್ತಿಯನ್ನು ಅಳೆಯಬೇಕು. ಜೊತೆಗೆ, ಆ ವಿದ್ಯುತ್ತನ್ನು ನಂಬಿ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಬೇಕು.

ಅಳೆಯುವ ಕ್ರಮ ಸುಲಭ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಮೇನ್ ಸ್ವಿಚ್ ಆರಿಸಿ, ಗೊತ್ತಾದ ಎರಡು ದೀಪ, ಒಂದು ಫ್ಯಾನ್ ಹಾಕಿ. ಇನ್ವರ್ಟರ್ ಎಚ್ಚರಿಕೆಯ ಸದ್ದು ಮಾಡಿದ ಕೂಡಲೇ ನಿಲ್ಲಿಸಿ, ಎಷ್ಟು ಹೊತ್ತು ನಡೆಯಿತೆಂದು ಬರೆದಿಡಿ. ಹೊಸದಾಗಿದ್ದಾಗ 5 ಗಂಟೆ ನಡೆದದ್ದು ಈಗ 4 ಗಂಟೆಗೆ ಇಳಿದಿದ್ದರೆ ಉಳಿದ ಶಕ್ತಿ ನೂರಕ್ಕೆ 80. ದೊಡ್ಡ ಬ್ಯಾಟರಿಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳು ಬದಲಿಸಲು ಇಟ್ಟುಕೊಂಡ ಗುರುತು ಇದೇ. ಏಕೆಂದರೆ ಅಲ್ಲಿಂದ ಮುಂದೆ ಇಳಿತ ಬೇಗಬೇಗ ಆಗುತ್ತದೆ. ಹೈಡ್ರೋಮೀಟರ್ ಇರುವವರು ಆರೂ ಸೆಲ್‌ಗಳನ್ನು ನೋಡಲಿ. ಪೂರ್ತಿ ಚಾರ್ಜ್ ಆದ ಮೇಲೂ ಒಂದು ಸೆಲ್ ಉಳಿದವುಗಳಿಗಿಂತ ತೀರಾ ಕಡಿಮೆ ತೋರಿಸಿದರೆ, ಆ ಒಂದೇ ಸೆಲ್ ಇಡೀ ಬ್ಯಾಟರಿಯನ್ನು ಕೆಡಿಸುತ್ತದೆ.

ಮನೆಯಲ್ಲಿ ಉಸಿರಾಟದ ಯಂತ್ರದ ರೋಗಿ ಇದ್ದರೆ ನೂರಕ್ಕೆ 80ಕ್ಕೆ ಬಂದ ದಿನವೇ ಬದಲಿಸಿ. ಸಾಲ ಮಾಡಿಯಾದರೂ ಸರಿ. ಬರೀ ದೀಪ, ಫ್ಯಾನ್ ಇರುವ ಮನೆಯವರು ಇನ್ನೊಂದು ಮಳೆಗಾಲ ತಳ್ಳಿದರೆ ತಪ್ಪೇನಿಲ್ಲ. ಬಡವನ ದುಡ್ಡು ಸುಮ್ಮನೆ ಹೋಗಬಾರದಲ್ಲ!

ಬದಲಿಸುವ ಮುಂಚೆ ತಪ್ಪು ಬ್ಯಾಟರಿಯದೇ ಹೌದೋ ಎಂದೂ ನೋಡಬೇಕು. ನಮ್ಮದು ಸಮುದ್ರದ ಉಪ್ಪುಗಾಳಿ. ಬಂದರಿನ ಕಲ್ಲಿದ್ದಲಿನ ಧೂಳು ತೇವದೊಂದಿಗೆ ಸೇರಿ ಬ್ಯಾಟರಿಯ ಮೈಮೇಲೆ ಕೂತರೆ ಅದರ ಮೂಲಕವೇ ವಿದ್ಯುತ್ ಸೋರುತ್ತದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆದರೆ ಒಳ್ಳೆಯ ಬ್ಯಾಟರಿಯೂ ಸತ್ತಂತೆ ಕಾಣುತ್ತದೆ. ಇನ್ವರ್ಟರ್ ಆರಿಸಿ ತಂತಿ ಬಿಚ್ಚಿ, ಮುಚ್ಚಳಗಳು ಬಿಗಿಯಾಗಿವೆ ಎಂದು ನೋಡಿಕೊಂಡು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ. ಒಣಗಿದ ಮೇಲೆ ಬಿಗಿ ಮಾಡಿ ವ್ಯಾಸಲೀನ್ ಹಚ್ಚಿ. ತುಕ್ಕು ಹಿಡಿದ ಕ್ಲಾಂಪು, ಸುಟ್ಟ ತಂತಿ ಅಗ್ಗದ ವಸ್ತುಗಳು. ಇವನ್ನು ಬದಲಿಸಲು ತಡ ಮಾಡಬೇಡಿ. ಡಿಸ್ಟಿಲ್ಡ್ ನೀರನ್ನೇ ಹಾಕಿ. ಬಾವಿಯ ನೀರಿನ ಉಪ್ಪು ಒಳಗಿನ ಪ್ಲೇಟುಗಳನ್ನು ತಿನ್ನುತ್ತದೆ. ಎರಡು ಬ್ಯಾಟರಿ ಜೋಡಿಸಿದ ಇನ್ವರ್ಟರಿನಲ್ಲಿ ವಯಸ್ಸಾದ ಜೋಡಿಯಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಮುದಿ ಎತ್ತಿನೊಂದಿಗೆ ಹೋರಿಯನ್ನು ಹೂಡಿದರೆ ಹೋರಿಯೂ ಕೆಡುತ್ತದೆ.

ಊರಲ್ಲಿ ಜನರೇಟರ್ ಇಟ್ಟವರಿಗೂ ಒಂದು ಮಾತು. ಅದು ಚಾಲೂ ಆಗದಿರುವುದಕ್ಕೆ ಬಹಳ ಸಲ ಸ್ಟಾರ್ಟ್ ಮಾಡುವ ಬ್ಯಾಟರಿಯೇ ಕಾರಣ. ತಿಂಗಳಿಗೊಮ್ಮೆ ಲೋಡ್ ಹಾಕಿ ಓಡಿಸಿ ನೋಡಿ. ಆದರೆ ಮುಚ್ಚಿದ ಕೋಣೆಯಲ್ಲಿ ಬೇಡ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಮಲಗಿದವರನ್ನು ಕೊಲ್ಲುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಕಿಡಿ ತಗಲಿದರೆ ಸಿಡಿಯುತ್ತದೆ. ಆದ್ದರಿಂದ ಅದನ್ನು ಗಾಳಿಯಾಡುವ ಕಡೆ ಇಡಿ. ಹತ್ತಿರ ಬೀಡಿ, ದೀಪ ಬೇಡ.

ಕೊನೆಗೆ, ಹಳೆಯದನ್ನು ಏನು ಮಾಡಬೇಕು? ಅಂಗಳದಲ್ಲಿ ಒಡೆದು ಸೀಸ ತೆಗೆಯಲು ಯಾರಿಗೂ ಕೊಡಬೇಡಿ. ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಬಳಿ ಹಳೆಯ ಬ್ಯಾಟರಿಗಳ ಸೀಸದ ವಿಷದಿಂದ 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ 18 ಮಕ್ಕಳು ಸತ್ತರು. ಸೀಸ ಮಕ್ಕಳ ಮೆದುಳನ್ನು ಕುಗ್ಗಿಸುತ್ತದೆ. ನಮ್ಮ ದೇಶದಲ್ಲಿ 2022ರ ನಿಯಮಗಳು ಹಳೆಯ ಬ್ಯಾಟರಿ ವಾಪಸಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಈ ಏಪ್ರಿಲ್‌ನಲ್ಲಿ ಒಂದು ಚೀಟಿಯಲ್ಲಿ ತಾರೀಕು ಮತ್ತು ನಡೆದ ಗಂಟೆ ಬರೆದು ಇನ್ವರ್ಟರಿಗೆ ಅಂಟಿಸಿ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಬರೆಯಿರಿ. ಬದಲಿಸುವ ಕಾಲ ಬಂತೋ ಇಲ್ಲವೋ ಎಂಬುದನ್ನು ಆ ಚೀಟಿಯೇ ಹೇಳುತ್ತದೆ.