ಬಂದದ್ದನ್ನು ಕಳಿಸಿದೆ, ಅಷ್ಟೇ

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ.’ ಮನೆಯಲ್ಲೂ ಠಾಣೆಯಲ್ಲೂ ಕೇಳಿಬರುವ ಈ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ತಮಿಳು ನಟ, ಮಾಜಿ ಶಾಸಕ ಎಸ್. ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀಗಳೆಯುವ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿದ್ದರು. ಓದದೆ ಹಂಚಿದೆ, ಆಮೇಲೆ ಅಳಿಸಿದೆ, ಕ್ಷಮೆಯನ್ನೂ ಕೇಳಿದೆ ಎಂಬುದು ಅವರ ವಾದ. ಮೊಕದ್ದಮೆ ರದ್ದು ಮಾಡಲು ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ನನಗೆ ಅದು ಸರಿಯೆನಿಸಿತು. ಓದಲಿಲ್ಲ ಎಂಬುದರಿಂದ ತಪ್ಪು ಹಗುರಾಗುವುದಿಲ್ಲ. ಓದದೆಯೇ ಊರ ಮುಂದಿಟ್ಟದ್ದೇ ತಪ್ಪು.

ಅದೇ 2018ರ ಜುಲೈ 13ರಂದು ಹೈದರಾಬಾದ್ ಕಡೆಯ ಕೆಲವು ಗೆಳೆಯರು ಬೀದರ್ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಕೂಗೆದ್ದಿತು. ಅವರು ಕಾರು ಹತ್ತಿ ಹೊರಟರು; ಕಾರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ದಾರಿ ಅಡ್ಡಗಟ್ಟಿದ ಗುಂಪು ಬಡಿದದ್ದರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣಬಿಟ್ಟ. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಒಬ್ಬನೂ ಇದ್ದ. ದೊಣ್ಣೆ ಹಿಡಿದವರ ಲೆಕ್ಕ ಪೊಲೀಸರಿಗೆ ಸಿಕ್ಕೀತು. ಮನೆಯಲ್ಲಿ ಕೂತು ಬೆರಳೊತ್ತಿದವರ ಲೆಕ್ಕ?

ಅವರಿಗೆಲ್ಲ ಶಿಕ್ಷೆಯಾಗಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಗಲವಾದ ಕಾನೂನು ಯಾರನ್ನು ಹಿಡಿಯುತ್ತದೆಂದು ನೋಡಿದ್ದೇವೆ. 2012ರಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಹುಡುಗಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು; ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಆಗ ಬಳಸಿದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಆದ್ದರಿಂದ ಶಿಕ್ಷೆಯ ಗೆರೆ ಬಿಗಿಯಾಗಿರಬೇಕು. ‘ಮಕ್ಕಳನ್ನು ಹುಷಾರಾಗಿ ನೋಡಿಕೊಳ್ಳಿ’ ಎಂದು ಹೆದರಿ ಕಳಿಸಿದ ತಾಯಿಯೂ, ‘ಇದೇ ಕಾರು, ಬಿಡಬೇಡಿ’ ಎಂದು ಕಳಿಸಿದವನೂ ಒಂದೇ ಕಟಕಟೆಯಲ್ಲಿ ನಿಲ್ಲಬಾರದು. ಅಡ್ಮಿನ್ ಆದ ಮಾತ್ರಕ್ಕೆ ಬೇರೆಯವರ ಸಂದೇಶಕ್ಕೆ ಹೊಣೆಯಲ್ಲವೆಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿದ್ದೂ ನ್ಯಾಯವೇ.

ಸರ್ಕಾರ ಹಿಡಿದ ದಾರಿ ಬೇರೆ. ಕೋರ್ಟು ಅಥವಾ ಸರ್ಕಾರ ಆದೇಶಿಸಿದರೆ ಸಂದೇಶವನ್ನು ಮೊದಲು ಕಳಿಸಿದವರಾರೆಂದು ಕಂಪನಿ ಪತ್ತೆಹಚ್ಚಿಕೊಡಬೇಕೆಂದು 2021ರ ಐಟಿ ನಿಯಮಗಳು ಹೇಳಿದವು. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಒಬ್ಬನನ್ನು ಹುಡುಕಲು ಎಲ್ಲರ ಕಾಗದದ ಮೇಲೂ ಗುರುತು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮೊದಲಿಗ ಸಿಕ್ಕರೂ ಎಷ್ಟೋ ಸಲ ತಪ್ಪು ಅವನಲ್ಲಿರುವುದಿಲ್ಲ. 2018ರಲ್ಲಿ ದೇಶವನ್ನೆಲ್ಲ ಹೆದರಿಸಿದ ವಿಡಿಯೊವನ್ನೇ ನೋಡಿ: ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದುಬಿಟ್ಟು, ಎಚ್ಚರಿಕೆಯ ಬರಹವೊಂದನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದದ್ದನ್ನು ಊರೂರಿಗೆ ಮುಟ್ಟಿಸಿದವರು ನಮ್ಮಂಥವರು. ಫಾರ್ವರ್ಡ್ ಮಾಡುವುದನ್ನು ಕಂಪನಿ ಐದು ಚಾಟ್‌ಗಳಿಗೆ ಮಿತಿಗೊಳಿಸಿದ್ದು ಆ ಜುಲೈನ ಸಾವುಗಳ ನಂತರ. ಅದರಿಂದ ವೇಗ ತಗ್ಗೀತು, ಸುಳ್ಳು ನಿಜವಾಗದು.

ನಮ್ಮಂಥವರು ಎಂದದ್ದು ಸುಮ್ಮನೆ ಅಲ್ಲ. ಆ ವಿಡಿಯೊವನ್ನು ನಾನೂ ನಮ್ಮ ಮನೆತನದ ಗುಂಪಿಗೆ ಕಳಿಸಿದ್ದೆ. ಕಾನೂನು ನನ್ನನ್ನು ಕೇಳಲಿಲ್ಲ, ಕೇಳುವುದೂ ಇಲ್ಲ. ಮುರ್ಕಿಯ ಸುದ್ದಿ ಓದಿದ ದಿನ ಪೂರ್ತಿ ಚಿತ್ರವನ್ನು ಹುಡುಕಿ, ನಾನು ಮೊದಲು ಕಳಿಸಿದ್ದು ಅರ್ಧ ಎಂದು ಬರೆದು ಅದೇ ಗುಂಪಿಗೆ ಹಾಕಿದೆ. ಯಾರೂ ಏನೂ ಅನ್ನಲಿಲ್ಲ. ರಾತ್ರಿ ಚಿಕ್ಕಪ್ಪ ಫೋನ್ ಮಾಡಿದರು.

‘ನೀನು ಕಳಿಸಿದ್ದು ಅಂತ ಅದನ್ನ ನಮ್ಮ ಬೀದಿಯವರಿಗೆಲ್ಲ ಕಳಿಸಿದ್ದೆನಲ್ಲೋ. ಈಗೇನು ಮಾಡ್ಲಿ?’

‘ಅವರಿಗೂ ಇದನ್ನ ಕಳಿಸಿ, ಚಿಕ್ಕಪ್ಪ. ಒಬ್ಬೊಬ್ಬರಿಗೂ.’

‘ಒಬ್ಬೊಬ್ಬರಿಗೂ?’ ಎಂದು ಕೇಳಿ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹೆಸರು ಬರ್ಕೊಳ್ತೀನಿ ತಾಳು’ ಎಂದು ಪೆನ್ನು ಹುಡುಕಲು ಎದ್ದರು.