ಕಟ್ಟಿದ ವಿಮಾನದ ಪರವಾಗಿ

ಕಂಟ್ರೋಲ್ ಲೈನ್ ವಿಮಾನ ಹಾರಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಹವ್ಯಾಸದ ಪರವಾಗಿ ಮಾತಾಡುವ ನನ್ನ ಗೆಳೆಯರೆಲ್ಲ ಪ್ರಯೋಜನದ ಪಟ್ಟಿ ಹಿಡಿದೇ ಬರುತ್ತಾರೆ. ಮಕ್ಕಳಿಗೆ ವಿಜ್ಞಾನ ಅರ್ಥವಾಗುತ್ತದೆ, ಏಕಾಗ್ರತೆ ಬರುತ್ತದೆ, ಮುಂದೆ ಎಚ್‌ಎಎಲ್‌ಗೋ ಇಸ್ರೋಗೋ ಸೇರಬಹುದು. ಹದಿನೆಂಟು ವರ್ಷದ ಹುಡುಗಿಯೊಬ್ಬಳು ಮೂರು ವಾರ ಬ್ಲೇಡು, ಅಂಟು ಹಿಡಿದು ಕೂತು ಒಂದು ವಿಮಾನ ಕಟ್ಟಿ, ಅದನ್ನು ಆರು ನಿಮಿಷ ಹಾರಿಸಿ ನಕ್ಕರೆ, ಆ ನಗುವಿಗೆ ಇಸ್ರೋದ ಶಿಫಾರಸು ಪತ್ರ ಯಾಕೆ ಬೇಕು? ಕವಿತೆ ಓದುವವರನ್ನು ನಾವು ಹೀಗೆ ಕೇಳುವುದಿಲ್ಲ. (ಕೇಳುವವರೂ ಇದ್ದಾರೆ. ಅವರ ಮಾತು ಬಿಡಿ.)

ಗೊತ್ತಿಲ್ಲದವರಿಗೆ ಎರಡು ಮಾತು. ಇದು ರಿಮೋಟಿನ ವಿಮಾನವಲ್ಲ. ಹಾರಿಸುವವರು ಮೈದಾನದ ನಟ್ಟನಡುವೆ ಒಂದು ಹಿಡಿಕೆ ಹಿಡಿದು ನಿಲ್ಲುತ್ತಾರೆ. ಅದರಿಂದ ಹೊರಟ ಎರಡು ತೆಳು ಉಕ್ಕಿನ ತಂತಿಗಳು, ಹದಿನೈದಿಪ್ಪತ್ತು ಮೀಟರ್ ಉದ್ದದವು, ವಿಮಾನದ ಎಡರೆಕ್ಕೆಯ ತುದಿಯಿಂದ ಒಳಹೊಕ್ಕು ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ತಿರುಗಣೆಗೆ ಸೇರುತ್ತವೆ. ಅಲ್ಲಿಂದ ಒಂದು ಕಡ್ಡಿ ಬಾಲದಲ್ಲಿರುವ ಎಲಿವೇಟರಿಗೆ ಹೋಗುತ್ತದೆ. ಮಣಿಕಟ್ಟು ಮೇಲಕ್ಕೆ ಬಾಗಿದರೆ ವಿಮಾನ ಮೇಲೆ, ಕೆಳಕ್ಕೆ ಬಾಗಿದರೆ ಕೆಳಗೆ. ಎಡ ಬಲ ಎಂಬುದೇ ಇಲ್ಲ, ಸುತ್ತುವುದೊಂದೇ ದಾರಿ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಆರೆಗನ್ ರಾಜ್ಯದ ಜಿಮ್ ವಾಕರ್. 1940ರ ಸುಮಾರಿಗೆ ಅವರ ಫೈರ್‌ಬಾಲ್ ಎಂಬ ಮಾದರಿ ಅಂಗಡಿಗಳಿಗೆ ಬಂತು. ಎರಡು ಕೈಯಲ್ಲಿ ಎರಡು, ತಲೆಗೆ ಕಟ್ಟಿಕೊಂಡು ಇನ್ನೊಂದು, ಹೀಗೆ ಮೂರು ವಿಮಾನಗಳನ್ನು ಒಟ್ಟಿಗೆ ಹಾರಿಸಿ ತೋರಿಸುತ್ತಿದ್ದ ಮನುಷ್ಯ. ಪೇಟೆಂಟನ್ನೂ ಪಡೆದಿದ್ದರು. ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಅದಕ್ಕೂ ಮೊದಲೇ ಹೀಗೆ ಹಾರಿಸಿದ್ದರೆಂಬ ಸಂಗತಿ 1950ರ ದಶಕದಲ್ಲಿ ನ್ಯಾಯಾಲಯದ ಮುಂದೆ ಬಂದು ಆ ಪೇಟೆಂಟ್ ನಿಲ್ಲಲಿಲ್ಲ. ನಮ್ಮಲ್ಲಿ ಇದನ್ನು ಉಳಿಸಿಕೊಂಡು ಬಂದದ್ದು ಮುಖ್ಯವಾಗಿ ಎನ್‌ಸಿಸಿಯ ವಾಯುದಳ. ಕೆಡೆಟ್‌ಗಳ ಏರೋಮಾಡೆಲಿಂಗ್ ಸ್ಪರ್ಧೆಗಳಲ್ಲಿ ಕಂಟ್ರೋಲ್ ಲೈನಿಗೂ ಜಾಗವಿದೆ. ನಾನು ಕಲಿತದ್ದೂ ಬೆಂಗಳೂರಿನಲ್ಲಿ ಕೆಡೆಟ್ ಆಗಿದ್ದಾಗಲೇ.

ಈಗ ಜಗಳಕ್ಕೆ ಬರೋಣ. ಸಾಹಿತ್ಯದ ಗೆಳೆಯರು ಒಮ್ಮೆ ಮೈದಾನಕ್ಕೆ ಬಂದು ನೋಡಿ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: ಗಾಣದೆತ್ತಿನ ಹಾಗೆ ಸುತ್ತುತ್ತದಲ್ಲ, ಕಟ್ಟಿಹಾಕಿದ್ದು ಹಾರಾಟವೇ? ಹಾರುವುದೆಂದರೆ ಬಿಡುಗಡೆ, ದಾರವೆಂದರೆ ಬಂಧನ ಎಂಬುದು ನಮ್ಮ ಪದ್ಯಗಳಲ್ಲಿ ಸವೆದುಹೋದ ನಾಣ್ಯ. ಸೂತ್ರದ ಗೊಂಬೆ ಎಂದರೆ ಬೈಗುಳ. ಆದರೆ ಅದೇ ಕನ್ನಡ, ಗೊತ್ತುಗುರಿಯಿಲ್ಲದೆ ಅಲೆಯುವವನನ್ನು ಸೂತ್ರ ಹರಿದ ಗಾಳಿಪಟ ಎಂದೂ ಕರೆಯುತ್ತದೆ. ಪಟ ಹಾರಿಸಿದ ಮಕ್ಕಳಿಗೆಲ್ಲ ಇದು ಗೊತ್ತು. ದಾರ ಹರಿದ ಕೂಡಲೇ ಪಟ ಸ್ವರ್ಗಕ್ಕೆ ಏರುವುದಿಲ್ಲ, ಪಕ್ಕದ ಬೀದಿಯ ತೆಂಗಿನ ಮರಕ್ಕೆ ಸಿಕ್ಕಿಕೊಳ್ಳುತ್ತದೆ.

ನಮ್ಮ ವಿಮಾನದ ತಂತಿಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ತಂತಿ ಬಿಗಿಯಾಗಿದ್ದರಷ್ಟೇ ಕೈಯ ಮಾತು ಎಲಿವೇಟರಿಗೆ ಮುಟ್ಟುತ್ತದೆ. ಸಡಿಲವಾಯಿತೋ, ವಿಮಾನ ನಿಮ್ಮದಲ್ಲ. ಹಾಗಾಗಿ ಅದು ಸದಾ ಹೊರಗೆ ಓಡಿಹೋಗಲು ನೋಡುವ ಹಾಗೆಯೇ ನಾವು ಕಟ್ಟುತ್ತೇವೆ. ಚುಕ್ಕಾಣಿಯನ್ನು ತುಸು ಹೊರಕ್ಕೆ ತಿರುಗಿಸಿ ಅಂಟಿಸುತ್ತೇವೆ. ಎಂಜಿನ್ನನ್ನು ಒಂದೆರಡು ಡಿಗ್ರಿ ಹೊರಮುಖ ಮಾಡುತ್ತೇವೆ. ಎಡಕ್ಕೆ ಜಗ್ಗುವ ತಂತಿಗಳ ಭಾರ ಸರಿದೂಗಲೆಂದು ಬಲರೆಕ್ಕೆಯ ತುದಿಯಲ್ಲಿ ಚೂರು ಸೀಸ ಇಡುತ್ತೇವೆ. ಓಡಿಹೋಗಲು ಮನಸ್ಸಿಲ್ಲದ ವಿಮಾನವನ್ನು ಹಿಡಿದುಕೊಳ್ಳಲೂ ಸಾಧ್ಯವಿಲ್ಲ. ಗಾಣದೆತ್ತಿನ ಹೋಲಿಕೆ ಕೊಡುವವರು ಇದಕ್ಕೆ ಏನು ಹೇಳುತ್ತಾರೆ? ಎತ್ತು ನೊಗದ ಭಾರಕ್ಕೆ ತಲೆಬಾಗಿ ಸುತ್ತುತ್ತದೆ. ಇದು ಪ್ರತಿ ಸುತ್ತಿನಲ್ಲೂ ಜಗಳವಾಡುತ್ತದೆ.

ಆ ಜಗಳ ಎಷ್ಟು ಜೋರಿನದು ಎಂದು ನೀವೇ ಲೆಕ್ಕ ಹಾಕಬಹುದು. ಇಪ್ಪತ್ತು ಮೀಟರ್ ತಂತಿಯ ತುದಿಯಲ್ಲಿ 1.8 ಕಿಲೋ ತೂಕದ ವಿಮಾನ ಐದು ಸೆಕೆಂಡು ಚಿಲ್ಲರೆಯಲ್ಲಿ ಒಂದು ಸುತ್ತು ಬರುತ್ತದೆ ಅನ್ನಿ. ವೇಗ ಗಂಟೆಗೆ ಸುಮಾರು 85 ಕಿಲೋಮೀಟರ್. ನಿಮ್ಮ ಕೈಯ ಮೇಲಿನ ಎಳೆತ ಐದು ಕಿಲೋಗೂ ಹೆಚ್ಚು. ಐದು ಕಿಲೋ ಅಕ್ಕಿಯ ಚೀಲ ಆಕಾಶದಿಂದ ನಿಮ್ಮನ್ನು ಅಡ್ಡಕ್ಕೆ ಎಳೆಯುತ್ತಿದೆ, ಮತ್ತು ಆ ಚೀಲಕ್ಕೆ ಜೀವವಿದೆ. ಗಾಳಿ ಬೀಸುವ ಕಡೆ ಅದು ತಡವರಿಸುತ್ತದೆ, ಗಾಳಿಯ ಜೊತೆ ಓಡುವಾಗ ಹಗುರಾಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ತಿಳಿಯುತ್ತದೆ. ರಿಮೋಟ್ ಹಿಡಿದವರಿಗೆ ಈ ಸುಖ ಇಲ್ಲ. ಅವರಿಗೆ ಬೇರೆ ಸುಖಗಳಿವೆ, ಇರಲಿ. ತಲೆ ತಿರುಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಕೆಲವು ದಿನ ತಿರುಗುತ್ತದೆ. ಆಮೇಲೆ ಕಣ್ಣು ವಿಮಾನಕ್ಕೆ ಅಂಟಿಕೊಂಡು, ಅದೊಂದೇ ನಿಂತಿದ್ದು ಜಗತ್ತು ಅದರ ಹಿಂದೆ ಓಡುತ್ತಿರುವ ಹಾಗೆ ಕಾಣುತ್ತದೆ.

ಇನ್ನು ಬರಿಯ ವೃತ್ತ ಎಂಬ ದೂರು. ವಿಮಾನಕ್ಕೆ ಸಿಗುವುದು ವೃತ್ತವಲ್ಲ, ಅರ್ಧಗೋಳ. ನೀವು ಅದರ ಕೇಂದ್ರದಲ್ಲಿ ನಿಂತಿದ್ದೀರಿ, ಸುತ್ತ ನೆಲದಿಂದ ನೆತ್ತಿಯವರೆಗೆ ಕಾಣದ ಗುಮ್ಮಟ. ಅಂತರರಾಷ್ಟ್ರೀಯ ಸ್ಪರ್ಧೆಯ ಕಸರತ್ತಿನಲ್ಲಿ ಆ ಗುಮ್ಮಟದ ಮೈಮೇಲೆ ವೃತ್ತ, ಚೌಕ, ತ್ರಿಕೋನ, ಅಡ್ಡ ಎಂಟು, ಉದ್ದ ಎಂಟು, ಮರಳುಗಡಿಯಾರ, ಕೊನೆಗೆ ನಾಲ್ಕೆಲೆಯ ಹೂವನ್ನು ಬರೆಯಬೇಕು. ಚೌಕದ ಮೂಲೆ ಮೂಲೆಯಂತೆಯೇ ಇರಬೇಕು, ತಳ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬರಬೇಕು. ಇದನ್ನೆಲ್ಲ ಮಾಡಲು ಇರುವುದು ಮೇಲೆ, ಕೆಳಗೆ ಎಂಬ ಎರಡೇ ಅಕ್ಷರ. ಮೂರು ನಾಲ್ಕು ಮಾತ್ರೆಗಳ ಭಾಮಿನಿ ಷಟ್ಪದಿಯಲ್ಲೇ ಭಾರತದ ಹತ್ತು ಪರ್ವ ಹೇಳಿದ ಕುಮಾರವ್ಯಾಸನನ್ನು ಯಾರೂ ಗಾಣದೆತ್ತು ಎನ್ನುವುದಿಲ್ಲ. ನನ್ನ ಗೆಳೆಯರಿಗೆ ಛಂದಸ್ಸಿನಲ್ಲಿ ಅರ್ಥವಾಗುವುದು ಮೈದಾನದಲ್ಲಿ ಯಾಕೆ ಅರ್ಥವಾಗುವುದಿಲ್ಲವೋ.

ಕಟ್ಟುವ ಸುಖವನ್ನು ಹೇಳದಿದ್ದರೆ ಅರ್ಧ ಮಾತೂ ಆಗಲಿಲ್ಲ. ಬಾಲ್ಸಾ ಮರದ ಹಲಗೆಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಮೋಸಹೋದವರ ಹಾಗೆ ಬೆಚ್ಚುತ್ತಾರೆ. ಕಣ್ಣು ಮರ ಎನ್ನುತ್ತದೆ, ಕೈ ಏನೂ ಇಲ್ಲ ಎನ್ನುತ್ತದೆ. ಎಲ್ಲ ಹಲಗೆಯೂ ಒಂದೇ ಅಲ್ಲ. ಮೆತ್ತನೆಯದು ರೆಕ್ಕೆಯ ಅಂಚಿಗೆ, ಗಟ್ಟಿಯಾದದ್ದು ನಡುಗಂಬಕ್ಕೆ. ಅಂಗಡಿಯಲ್ಲಿ ಒಂದೊಂದೇ ಹಲಗೆ ಎತ್ತಿ, ಬಾಗಿಸಿ, ಉಗುರಿನಿಂದ ಒತ್ತಿ ನೋಡುವ ನಮ್ಮನ್ನು ಕಂಡರೆ ಬದನೆಕಾಯಿ ಆರಿಸುವ ಅಮ್ಮಂದಿರ ನೆನಪಾಗುತ್ತದೆ. ರೆಕ್ಕೆಯ ಪಕ್ಕೆಲುಬುಗಳನ್ನು ಒಂದೇ ಅಚ್ಚಿಗೆ ಕೊಯ್ದು, ಸಾಲಾಗಿ ನಿಲ್ಲಿಸಿ, ಅಂಟು ಒಣಗುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ತೆಳು ಕಾಗದ ಹೊದಿಸಿ ನೀರು ಚಿಮುಕಿಸಿದರೆ ಅದು ಒಣಗುತ್ತಾ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಆಮೇಲೆ ಡೋಪ್ ಎಂಬ ಘಾಟು ಮೆರುಗೆಣ್ಣೆ, ಒಂದರ ಮೇಲೊಂದು ಪದರ. ರೆಕ್ಕೆ ಕೂದಲೆಳೆಯಷ್ಟು ತಿರುಚಿದ್ದರೂ ಗಾಳಿ ಅದನ್ನು ಮರೆಯುವುದಿಲ್ಲ. ಹೊಗಳಿಕೆ, ಹಾಜರಾತಿ, ಶಿಫಾರಸು ಯಾವುದೂ ನಡೆಯದ ಪರೀಕ್ಷೆ ಇದು. ಇಪ್ಪತ್ತರ ಹರೆಯದವರಿಗೆ ಇಂಥದ್ದು ಬೇರೆಲ್ಲಿ ಸಿಗುತ್ತದೆ ಹೇಳಿ.

ಎಂಜಿನ್ನಿಗೆ ಹಾಕುವುದು ಮೆಥನಾಲ್, ಸ್ವಲ್ಪ ನೈಟ್ರೋಮೀಥೇನ್, ಜೊತೆಗೆ ಹರಳೆಣ್ಣೆ. ಹೌದು, ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಸುಟ್ಟಾಗ ಬರುವ ವಾಸನೆ ಒಮ್ಮೆ ಹಿಡಿದವರನ್ನು ಬಿಡುವುದಿಲ್ಲ. ಮಟ್ಟಸ ಹಾರುವಾಗ ತೊದಲುವ ಎಂಜಿನ್ ಮೂತಿ ಎತ್ತಿದ ಕೂಡಲೇ ಸ್ವರ ಏರಿಸಿಕೊಂಡು ಹಾಡುತ್ತದೆ, ಇಳಿದ ಮೇಲೆ ಮತ್ತೆ ತೊದಲು. ಈಗ ಬ್ಯಾಟರಿ ಮೋಟಾರೂ ಬಂದಿದೆ. ಅದನ್ನು ಪಾಪ ಎನ್ನುವ ಹಿರಿಯರ ಜೊತೆ ನಾನಿಲ್ಲ. ಸುತ್ತ ಅಪಾರ್ಟ್‌ಮೆಂಟುಗಳಿರುವ ಊರಿನಲ್ಲಿ ಸದ್ದಿಲ್ಲದ ಮೋಟಾರೇ ಈ ಆಟವನ್ನು ಉಳಿಸೀತು. ತಂತಿ ಇರುವವರೆಗೆ ನನಗೆ ತಕರಾರಿಲ್ಲ.

ತಂತಿಯನ್ನೇ ಬಿಡಿಸುವವರ ಮೇಲೆ ನನ್ನ ಸಿಟ್ಟು. ನನಗೆ ಪರಿಚಯವಿರುವ ಕಾಲೇಜೊಂದರಲ್ಲಿ ಎರಡು ವರ್ಷದ ಹಿಂದೆ ಏರೋಮಾಡೆಲಿಂಗ್ ಕೋಣೆಯನ್ನು ಡ್ರೋನ್ ಪ್ರಯೋಗಾಲಯ ಮಾಡಿದರು. ರಿಬ್ಬನ್ ಕತ್ತರಿಸಿದ್ದೂ ಆಯಿತು. ಹಳೆಯ ಎಂಜಿನ್ನುಗಳು, ಹಿಡಿಕೆಗಳು, ಅರ್ಧ ಕಟ್ಟಿದ ರೆಕ್ಕೆಗಳು ಕಬ್ಬಿಣದ ಕಪಾಟಿನೊಳಗೆ. ಹೊಸದರಲ್ಲಿ ಹುಡುಗರು ಪೆಟ್ಟಿಗೆ ಒಡೆದು, ಬ್ಯಾಟರಿ ಹಾಕಿ, ಹಾರಿಸುತ್ತಾರೆ. ಕೈಬಿಟ್ಟರೂ ಡ್ರೋನ್ ಜಿಪಿಎಸ್ ಹಿಡಿದುಕೊಂಡು ಗಾಳಿಯಲ್ಲಿ ಸುಮ್ಮನೆ ನಿಂತಿರುತ್ತದೆ. ಒಳ್ಳೆಯ ಯಂತ್ರ, ಹೊಲಕ್ಕೂ ಸರ್ವೆಗೂ ಬೇಕಾದದ್ದು. ಆದರೆ ಹುಡುಗರಿಲ್ಲದೆಯೂ ತನ್ನ ಕೆಲಸ ತಾನು ಮಾಡಿಕೊಳ್ಳುವ ಯಂತ್ರವನ್ನು ಹುಡುಗರ ಆಟದ ಜಾಗದಲ್ಲಿ ತಂದಿಟ್ಟು, ಇದು ಮುಂದಿನ ಹೆಜ್ಜೆ ಎಂದು ಭಾಷಣ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಮುಂದಿನ ಹೆಜ್ಜೆಯಲ್ಲ, ಬೇರೆ ದಾರಿ. ಎರಡಕ್ಕೂ ಒಂದೊಂದು ಮೇಜು ಹಾಕಲು ಆ ಕೋಣೆಯಲ್ಲಿ ಜಾಗವಿತ್ತು.

ಈ ಆಟಕ್ಕೆ ನಿಜವಾದ ಕಷ್ಟಗಳೂ ಇವೆ. ಗಾಳಿಯಂತ್ರಗಳ ರೆಕ್ಕೆಗೂ ಬಾಲ್ಸಾ ಬೇಕಾಗಿ, ಕೆಲವು ವರ್ಷಗಳ ಹಿಂದೆ ಈಕ್ವೆಡಾರಿನಿಂದ ಬರುವ ಮರಕ್ಕೆ ಬರ ಬಂದು ಬೆಲೆ ಏರಿತ್ತು. ಉಕ್ಕಿನ ತಂತಿ ಕರೆಂಟಿನ ತಂತಿಗೆ ತಾಗಿದರೆ ಪ್ರಾಣವೇ ಹೋಗಬಹುದು, ಹಾಗಾಗಿ ಕಂಬಗಳಿಂದ ದೂರದ ಮೈದಾನವೇ ಬೇಕು. ಹಾರಿಸುವ ಮೊದಲು ತಂತಿಯನ್ನು ವಿಮಾನದ ತೂಕದ ಹಲವು ಪಟ್ಟು ಎಳೆದು ನೋಡಬೇಕು, ಹಿಡಿಕೆಯನ್ನು ಪಟ್ಟಿಯಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಇವನ್ನೆಲ್ಲ ಹೇಳಿಕೊಡಲು ಗೊತ್ತಿರುವವರು ಬೇಕು, ಅವರಿಗೆ ವಯಸ್ಸಾಗುತ್ತಿದೆ. ಕೈಯಿಂದ ಕೈಗೆ ದಾಟುವ ವಿದ್ಯೆ ಇದು, ವಿಡಿಯೋ ನೋಡಿದರೆ ತಂತಿಯ ಎಳೆತ ತಿಳಿಯುವುದಿಲ್ಲ. ಒಬ್ಬರೇ ಮಾಡುವ ಆಟವೂ ಅಲ್ಲ. ಎಂಜಿನ್ ಕೂಗುತ್ತಿರುವ ವಿಮಾನವನ್ನು ಹಿಡಿದುಕೊಂಡು, ನಡುವೆ ನಿಂತವರ ಸನ್ನೆಗೆ ಕಾದು ಬಿಡಲು ಇನ್ನೊಬ್ಬರು ಬೇಕೇ ಬೇಕು.

ಆ ಕಾಲೇಜಿನವರು ಇದನ್ನು ಓದುತ್ತಿದ್ದರೆ ಒಂದೇ ಬೇಡಿಕೆ. ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ, ಕ್ರಿಕೆಟ್ಟಿನವರು ಬರುವ ಮೊದಲು, ಮೈದಾನ ಕೊಡಿ. ನಾವು ಮೂರು ಜನ ಹಳಬರಿದ್ದೇವೆ, ಸಂಬಳ ಬೇಡ. ಕಪಾಟಿನ ಬೀಗ ತೆಗೆದಾಗ ಎಂಜಿನ್ನುಗಳೊಳಗೆ ಹಳೆಯ ಹರಳೆಣ್ಣೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬಲವಂತವಾಗಿ ತಿರುಗಿಸಬೇಡಿ, ಮೊದಲು ಬಿಸಿ ಮಾಡಬೇಕು. ಆ ಕೆಲಸ ನಮಗೇ ಬಿಡಿ.